ಬನ್ನಿ, ಅನಗವಾಡಿ ಹಿನ್ನೀರಿಗೆ

ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಬೊನೇರ್. ಅಲ್ಲಿಗೆ ಜನ ದೇಶ ದಾಟಿ ಹೋಗುವುದಕ್ಕೆ ರಾಜಹಂಸಗಳೂ ಒಂದು ಕಾರಣ. ಅದೇ ಕುಲದ ಹಕ್ಕಿ ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಅನಗವಾಡಿ, ಹೆರಕಲ್, ಚಿಕ್ಕಸಂಗಮದ ಕೆಸರಿಗೂ ಬಂದಿಳಿಯುತ್ತದೆ. ನೋಡಲು ಹೋಗಲೇಬೇಕು. ಹೇಗೆ ಹೋಗಬೇಕು, ಎಷ್ಟು ದೂರ ನಿಲ್ಲಬೇಕು ಎಂಬುದೇ ಈಗಿನ ಮಾತು.

ನಸುಕು ಹರಿಯುವ ಹೊತ್ತು. ಅನಗವಾಡಿ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಮೇಲೆ ಕಬ್ಬಿನ ರಾಶಿ, ಡ್ರೈವರನ ಬೆನ್ನ ಹಿಂದೆ ಎದೆ ನಡುಗಿಸುವಂಥ ಜಾನಪದ ಹಾಡು. ಸಕ್ಕರೆ ಕಾರ್ಖಾನೆಗಳು ನುರಿಸುವ ಕಾಲ. ಹಗಲು ರಾತ್ರಿ ಈ ರಸ್ತೆಗೆ ನಿದ್ದೆ ಇಲ್ಲ.

ಸೇತುವೆಯ ಕೆಳಗೆ ಘಟಪ್ರಭೆ ಹರಿಯುತ್ತಿಲ್ಲ, ನಿಂತಿದ್ದಾಳೆ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯದ ನೀರು ಇಲ್ಲಿಯತನಕ ಹಿಂದೆ ಸರಿದು ಬಂದಿದೆ. ದೂರದಲ್ಲಿ, ನೀರು ಮುಗಿದು ಕೆಸರು ಶುರುವಾಗುವಲ್ಲಿ ಬಿಳಿಯ ಗೆರೆಯೊಂದು ಕಾಣುತ್ತದೆ. ಉಪ್ಪು ಚೆಲ್ಲಿದ್ದಾರೆಯೇ ಎಂದು ನೋಡುತ್ತಿರುವಾಗಲೇ ಗೆರೆ ಅಲುಗುತ್ತದೆ.

ಸೂರ್ಯ ಒಂದಿಷ್ಟು ಮೇಲೇರಿದ. ಗೆರೆಯ ಒಂದು ತುದಿಯ ಹಕ್ಕಿಗಳು ನೀರ ಮೇಲೆ ಓಡತೊಡಗಿದವು. ನಾಲ್ಕು ಹೆಜ್ಜೆ, ಎಂಟು ಹೆಜ್ಜೆ, ಹತ್ತು ಹೆಜ್ಜೆ. ರೆಕ್ಕೆ ಬಿಚ್ಚಿದವು. ಅಷ್ಟೂ ಹೊತ್ತು ಬೆಳ್ಳಗಿದ್ದ ಹಕ್ಕಿಗಳ ಒಡಲಿನಿಂದ ಕಡುಗೆಂಪು ಹೊರಬಂತು. ಅದರ ಅಂಚಿಗೆ ಕಪ್ಪು.

ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಮೀನುಗಾರರೊಬ್ಬರು ತಲೆ ಎತ್ತಲೂ ಇಲ್ಲ. "ಸುಮ್ಕ ಕುಂದರ್ರಿ ಸರ. ಮಾತಾಡಿದ್ರ ಎದ್ದು ಹೊಕ್ಕಾವು. ಸುಮ್ಕ ಕುಂತ್ರ ತಾವ ಈ ಕಡೆ ಬರ್ತಾವು" ಎಂದರು.

ಅನಗವಾಡಿಗೆ ಬರುವ ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶನ ಯಾವ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ.

ಎರಡು ದಂಡೆ, ಒಂದೇ ಕುಲ

ಬೊನೇರ್ ಇರುವುದು ವೆನೆಜುವೆಲಾ ಕರಾವಳಿಯ ಎದುರಿಗೆ. 288 ಚದರ ಕಿ.ಮೀ. ವಿಸ್ತೀರ್ಣ, ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ನೆದರ್ಲೆಂಡ್ಸ್ ಆಡಳಿತಕ್ಕೆ ಸೇರಿದ ಒಣ ನೆಲ. ಪಾಪಾಸುಕಳ್ಳಿ, ಕತ್ತೆಗಳು, ಉಪ್ಪಿನ ಮಡಿ. ಸುತ್ತ ಮಾತ್ರ ಹವಳದ ದಿಬ್ಬಗಳ ನೀಲಿ ಸಮುದ್ರ.

ಅಲ್ಲಿಗೆ ಹೋದವರು ಮಾಡುವುದೇನು? ದಂಡೆಯಿಂದಲೇ ನೀರಿಗಿಳಿದು ಹವಳ ನೋಡುತ್ತಾರೆ. ಎಲ್ಲಿ ಇಳಿಯಬೇಕೆಂದು ರಸ್ತೆ ಬದಿ ಹಳದಿ ಬಣ್ಣ ಬಳಿದ ಕಲ್ಲುಗಳಿರುತ್ತವೆ. ಉತ್ತರದಲ್ಲಿ ಗೊಟೊಮೇರ್ ಸರೋವರ, ದಕ್ಷಿಣದಲ್ಲಿ ಪೆಕೆಲ್‌ಮೇರ್ ಎಂಬ ಉಪ್ಪುನೀರಿನ ರಕ್ಷಿತ ತಾಣ. ಎರಡೂ ಕಡೆ ರಾಜಹಂಸ. ಉಪ್ಪಿನ ಮಡಿಗಳ ಬದಿಯಲ್ಲಿ, ಗುಲಾಮರನ್ನು ದುಡಿಸುತ್ತಿದ್ದ ಕಾಲದ ಕಲ್ಲಿನ ಗುಡಿಸಲುಗಳನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ನಡು ಬಗ್ಗಿಸದೆ ಒಳಗೆ ಹೋಗಲಾಗದು. ಹಕ್ಕಿ ನೋಡಲು ಬಂದವರು ಅದನ್ನೂ ನೋಡಿಯೇ ಮುಂದೆ ಹೋಗುತ್ತಾರೆ.

ಬೊನೇರ್‌ನ ಹಕ್ಕಿ ಕೆರಿಬಿಯನ್ ರಾಜಹಂಸ, ಮೈತುಂಬ ಕಿತ್ತಳೆ ಕೆಂಪು. ಅನಗವಾಡಿಗೆ ಬರುವುದು ದೊಡ್ಡ ರಾಜಹಂಸ. ಅದೇ ಕುಲದ ಇನ್ನೊಂದು ಜಾತಿ, ಎತ್ತರದಲ್ಲಿ ಒಂದು ಕೈ ಮೇಲೆಯೇ. ಮೈ ಬಿಳಿ, ಕೆಂಪೆಲ್ಲ ರೆಕ್ಕೆಯೊಳಗೆ.

ಇಷ್ಟು ಹೋಲಿಕೆಗಾಗಿ ಬೊನೇರ್ ಹೆಸರು ತೆಗೆಯಲಿಲ್ಲ. ಆ ದ್ವೀಪದವರು 1969ರಲ್ಲಿ ಉತ್ತರದ ತುದಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. 1979ರಲ್ಲಿ ಸುತ್ತಲಿನ ಸಮುದ್ರವನ್ನೇ ರಕ್ಷಿತ ಪ್ರದೇಶವೆಂದು ಘೋಷಿಸಿದರು. ಪೆಕೆಲ್‌ಮೇರ್‌ನೊಳಗೆ ಪ್ರವಾಸಿಗೆ ಕಾಲಿಡಲು ಬಿಡುವುದಿಲ್ಲ, ರಸ್ತೆಯಿಂದಲೇ ನೋಡಬೇಕು. ಪ್ರವಾಸೋದ್ಯಮವನ್ನೇ ನೆಚ್ಚಿ ಬದುಕುವ ಊರು ಹಾಗೆ ಗಟ್ಟಿಯಾಗಿ 'ಇಲ್ಲ' ಎಂದಿದ್ದರಿಂದಲೇ ಅಲ್ಲಿ ಹಕ್ಕಿ ಇಂದಿಗೂ ಗೂಡು ಕಟ್ಟುತ್ತದೆ. ನಮ್ಮ ಹಿನ್ನೀರಿಗೆ ಬೇಕಾಗಿರುವುದು ಆ ಗಟ್ಟಿತನ.

ಮುಳುಗಡೆಯ ನೆಲ

ಈ ದಂಡೆ ನದಿ ಮಾಡಿದ್ದಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅವರು ಪ್ರಧಾನಿಯಾಗುವುದಕ್ಕೆ ಆಗ ಇನ್ನೂ ಕೆಲವು ದಿನಗಳಿದ್ದವು. ಅಣೆಕಟ್ಟೆಯನ್ನು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು, ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ. ನಡುವಿನ ನಾಲ್ಕು ದಶಕ ಬಾಗಲಕೋಟೆ ಸೀಮೆಯ ಮನೆಮನೆಯ ಮಾತು ಒಂದೇ: ಮುಳುಗಡೆ.

ಕೃಷ್ಣೆ, ಘಟಪ್ರಭೆಯ ಎರಡೂ ದಂಡೆಯ ಊರುಗಳು ಎದ್ದು ಮೇಲಕ್ಕೆ ಬಂದವು. ಬಾಗಲಕೋಟೆಯ ಹಳೆಯ ಪಟ್ಟಣದ ದೊಡ್ಡ ಭಾಗವೇ ನೀರಿಗೆ ಹೋಗಿ, ಎತ್ತರದಲ್ಲಿ ನವನಗರ ಎದ್ದಿತು. ಹಳ್ಳಿಗಳಿಗೆ ಪುನರ್ವಸತಿ ಕೇಂದ್ರಗಳು ಬಂದವು. ನೇರ ರಸ್ತೆ, ಒಂದೇ ಅಳತೆಯ ನಿವೇಶನ, ಹೊಸ ಗುಡಿ. ಅನಗವಾಡಿಗೂ ಆ ಪಾಲು ಬಂತು.

ಇಲ್ಲಿನ ಹಿರಿಯರನ್ನು ಹಕ್ಕಿಯ ಬಗ್ಗೆ ಕೇಳಿ ನೋಡಿ. ಎರಡನೆಯ ಮಾತಿಗೇ ಹೊಲಕ್ಕೆ ಬರುತ್ತಾರೆ. "ಆ ಹಕ್ಕಿ ನಿಂತಾವಲ್ರಿ, ಅಲ್ಲೇ ನಮ್ಮ ಎರಿ ಹೊಲ ಇತ್ತು. ಗೊಬ್ಬರ ಹಾಕಲಾರದ ಜ್ವಾಳ ಬರ್ತಿತ್ತು." ಈ ಮಾತು ಕೇಳದೆ ಬರೀ ಫೋಟೊ ತೆಗೆದುಕೊಂಡು ಹೋದವರು ಅನಗವಾಡಿಯನ್ನು ಅರ್ಧ ಮಾತ್ರ ನೋಡಿದರು ಎಂದೇ ನನ್ನ ಎಣಿಕೆ. ಬೊನೇರ್‌ನವರು ಗುಲಾಮರ ಗುಡಿಸಲುಗಳನ್ನು ಹಕ್ಕಿಯ ಪಕ್ಕದಲ್ಲೇ ತೋರಿಸುತ್ತಾರಲ್ಲ, ನಾವೂ ಮುಳುಗಿದ ಊರುಗಳ ಹೆಸರನ್ನು ಒಂದು ಕಲ್ಲಿನ ಮೇಲೆ ಬರೆಸಿ ಇಲ್ಲಿ ನಿಲ್ಲಿಸಬೇಕು.

ಹಾಗಾದರೆ ಹಕ್ಕಿಗೆ ಈ ನೆಲ ಸೇರಿದ್ದು ಏಕೆ? ಕಾರಣ ಅಣೆಕಟ್ಟೆಯ ಲೆಕ್ಕದಲ್ಲೇ ಇದೆ.

ಜಲಾಶಯದ ಪೂರ್ಣ ಮಟ್ಟ 519.6 ಮೀಟರ್, ಸಂಗ್ರಹ 123 ಟಿಎಂಸಿ ಅಡಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಜುಲೈ, ಆಗಸ್ಟ್ ಹೊತ್ತಿಗೆ ತುಂಬುತ್ತದೆ. ಆಮೇಲೆ ಕಾಲುವೆಗೆ, ಕರೆಂಟಿಗೆ, ಕುಡಿಯಲಿಕ್ಕೆ ಎಂದು ನೀರು ಬಿಡುತ್ತ ಹೋದಂತೆ ಮಟ್ಟ ಇಳಿಯುತ್ತದೆ. ಇಲ್ಲಿಯದು ಸಪಾಟು ನೆಲ. ಅಣೆಕಟ್ಟೆಯ ಬಳಿ ಒಂದು ಮೀಟರ್ ಇಳಿದರೆ ಅನಗವಾಡಿ, ಹೆರಕಲ್ ಕಡೆ ನೀರು ಕಣ್ಣಳತೆಗೂ ಮೀರಿ ಹಿಂದೆ ಸರಿಯುತ್ತದೆ. ಸರಿದ ಜಾಗದಲ್ಲಿ ಮೊಣಕಾಲುದ್ದದ ನೀರು, ಅದರಡಿ ಕರಿಮಣ್ಣಿನ ಕೆಸರು, ಕೆಸರಿನಲ್ಲಿ ಹುಳು, ಪಾಚಿ, ಸಣ್ಣ ಸಿಗಡಿ. ಉದ್ದ ಕಾಲಿನ ಹಕ್ಕಿಗೆ ಇನ್ನೇನು ಬೇಕು?

ಮನುಷ್ಯ ಕಟ್ಟಿದ್ದಕ್ಕೆ ಹಕ್ಕಿ ಬಂದು ಸೇರುವುದು ನಮ್ಮ ನಾಡಿಗೆ ಹೊಸದಲ್ಲ. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1648ರ ಸುಮಾರಿಗೆ, ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಅಲ್ಲಿ ಹಕ್ಕಿ ಗೂಡು ಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿತು. ಒಡ್ಡು ಕಟ್ಟಿದ ಸುಮಾರು ಮುನ್ನೂರು ವರ್ಷದ ಮೇಲೆ ರಕ್ಷಣೆ ಬಂತು. ಆಲಮಟ್ಟಿ ಹಿನ್ನೀರು ಅಷ್ಟು ಕಾಯಲಾರದು.

ತಲೆಕೆಳಗಾದ ಊಟ

ದುರ್ಬೀನು ಇದ್ದರೆ ಒಂದೇ ಒಂದು ಹಕ್ಕಿಯನ್ನು ಆರಿಸಿಕೊಂಡು ಅರ್ಧ ತಾಸು ನೋಡಿ. ಸಾವಿರ ಹಕ್ಕಿಯ ಹಿಂಡು ನೋಡಿದ್ದಕ್ಕಿಂತ ಅದರಲ್ಲಿ ಹೆಚ್ಚು ಸಿಗುತ್ತದೆ.

ಕುತ್ತಿಗೆ ಕೆಳಗೆ ಬಂತು. ಕೊಕ್ಕು ನೀರಿಗೆ ಹೋಯಿತು, ಆದರೆ ತಲೆ ಅಡಿಮೇಲು. ಮೇಲಿನ ಕೊಕ್ಕು ನೆಲದ ಕಡೆ, ಕೆಳಗಿನದು ಆಕಾಶದ ಕಡೆ. ನಡುವೆ ಮುರಿದು ಬಗ್ಗಿದಂತಿರುವ ಕೊಕ್ಕಿನ ಆಕಾರ ಆಗ ಅರ್ಥವಾಗುತ್ತದೆ. ತಲೆಕೆಳಗಾದಾಗಲೇ ಅದು ಕೆಸರಿಗೆ ಸರಿಯಾಗಿ ಕೂರುತ್ತದೆ. ದಪ್ಪ ನಾಲಗೆ ಒಂದೇ ಸಮನೆ ಹಿಂದೆ ಮುಂದೆ ಆಡುತ್ತ ನೀರನ್ನು ಒಳಗೆಳೆದು ಹೊರಗೆ ದಬ್ಬುತ್ತದೆ. ಕೊಕ್ಕಿನ ಅಂಚಿನಲ್ಲಿ ಸಣ್ಣ ಸಣ್ಣ ಎಳೆಗಳ ಸಾಲು. ನೀರು ಹೊರಗೆ, ತಿನ್ನುವುದು ಒಳಗೆ.

ಕಾಲಿಗೂ ಬಿಡುವಿಲ್ಲ. ನಿಂತಲ್ಲೇ ಕೆಸರು ತುಳಿದು, ತಲೆಯನ್ನು ನಡುವಿಗಿಟ್ಟು ಸುತ್ತ ತಿರುಗುತ್ತದೆ. ತುಳಿತಕ್ಕೆ ಹುಳು ಮೇಲೇಳಬೇಕು. ನೀರು ಇನ್ನಷ್ಟು ಸರಿದ ಮೇಲೆ ಆ ಜಾಗಕ್ಕೆ ಹೋದರೆ ಒಣಗಿದ ಕೆಸರಿನ ಮೇಲೆ ಬಳೆಯಾಕಾರದ ಗುರುತು ಉಳಿದಿರುತ್ತದೆ. ಹಕ್ಕಿ ಹಾರಿಹೋದ ಎಷ್ಟೋ ದಿನದ ಮೇಲೂ ಅದು ಎಲ್ಲಿ ಉಂಡಿತ್ತು ಎಂದು ನೆಲವೇ ಹೇಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರು ಈ ಗುರುತು ಹುಡುಕಿಸಿ.

ಹಿಂಡಿನಲ್ಲಿ ಮಾಸಲು ಕಂದು ಬಣ್ಣದವೂ ಇರುತ್ತವೆ. ಅವು ಬೇರೆ ಜಾತಿಯಲ್ಲ, ಮರಿಗಳು. ಕೆಂಪು ಹುಟ್ಟಿನಿಂದ ಬರುವುದಿಲ್ಲ, ಊಟದಿಂದ ಬರುತ್ತದೆ: ಪಾಚಿ, ಸಿಗಡಿಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದ್ರವ್ಯದಿಂದ. ಪೂರ್ತಿ ಬಣ್ಣ ಕೂಡಲು ಕೆಲವು ವರ್ಷ ಬೇಕು.

ರಾಜಹಂಸದ ಗುಂಗಿನಲ್ಲಿ ಉಳಿದವರನ್ನು ಮರೆಯಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು, ಕೇಸರಿ ಮೈಯ ಚಕ್ರವಾಕ, ಬಣ್ಣದ ಕೊಕ್ಕರೆ, ನೀರ ಮೇಲೆ ಕೆಳಗಾಗಿ ಹಾರುತ್ತ ಮೀನಿಗೆ ಎರಗುವ ನದಿ ರೀವ, ಜೌಗಿನ ಅಂಚಿನಲ್ಲಿ ಓಡಾಡುವ ಪುಟ್ಟ ಗದ್ದೆಗೊರವಗಳು. ಹೆಬ್ಬಾತಿಗೆ ಶೇಂಗಾ, ಕಡಲೆ ಹೊಲ ಅಂದರೆ ಆಸೆ. ರೈತರಿಗೆ ಅದರಿಂದ ತೊಂದರೆಯೂ ಉಂಟು. ಆ ಮಾತನ್ನೂ ಕೇಳಿಸಿಕೊಳ್ಳಬೇಕು.

> ರಾಜಹಂಸ: ಗೊತ್ತಿರಲಿ
>
> ದೊಡ್ಡ ರಾಜಹಂಸ ನಿಂತರೆ ಹೆಚ್ಚುಕಡಿಮೆ ನಾಲ್ಕರಿಂದ ಐದು ಅಡಿ. ತೂಕ ಮಾತ್ರ ಎರಡರಿಂದ ನಾಲ್ಕು ಕಿಲೊ.
>
> ಭಾರತದಲ್ಲಿ ಇದರ ದೊಡ್ಡ ಹೆರಿಗೆಮನೆ ಗುಜರಾತಿನ ಕಛ್‌ನ ರಣ. ಕೆಸರಿನ ಗುಪ್ಪೆ ಮಾಡಿ ಅದರ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ನಮ್ಮ ಹಿನ್ನೀರಿಗೆ ಬರುವುದು ಉಣ್ಣಲಿಕ್ಕೆ ಮಾತ್ರ.
>
> ಮರಿಗೆ ಗಂಡು, ಹೆಣ್ಣು ಎರಡೂ ಗಂಟಲಿನಿಂದ ಕೆಂಪು ಹಾಲಿನಂಥ ದ್ರವ ಕುಡಿಸುತ್ತವೆ.
>
> ಕಾಲಿನ ನಡುವೆ ಹಿಂದಕ್ಕೆ ಮಡಚುವ ಗಂಟು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಗರಿಯೊಳಗೆ ಮರೆಯಾಗಿರುತ್ತದೆ.

ಸೀತನಿಯ ಹೊತ್ತು

ಹಕ್ಕಿ ನೋಡುವುದು ಬೆಳಗಿನ ಒಂಬತ್ತಕ್ಕೆ ಮುಗಿಯುತ್ತದೆ. ಬಿಸಿಲೇರಿದ ಮೇಲೆ ನೀರಿನ ಹಬೆಗೆ ದೂರದ್ದೆಲ್ಲ ಕುಣಿದಂತೆ ಕಂಡು ಕಣ್ಣು ಸೋಲುತ್ತದೆ. ಆಗ ಹೊಲದ ಕಡೆ ನಡೆಯಿರಿ.

ಜನವರಿಯಲ್ಲಿ ಬಂದರೆ ಸೀತನಿ ಸಿಗಬಹುದು. ಹಾಲುಗಾಳು ಕಟ್ಟಿದ ಎಳೆಯ ಜೋಳದ ತೆನೆ. ನೆಲದಲ್ಲಿ ಸಣ್ಣ ಕುಣಿ ತೆಗೆದು, ಕುಳ್ಳಿನ ಕೆಂಡ ಮಾಡಿ, ತೆನೆಗಳನ್ನು ಬೂದಿಯಲ್ಲಿ ಹೂಳುತ್ತಾರೆ. ಹಸಿರು ತೆನೆ ಕಂದುವ ವಾಸನೆ ಬಂದಾಗ ಹೊರಗೆಳೆದು, ಗೋಣಿಚೀಲದ ಮೇಲಿಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕುತ್ತಾರೆ. ಕಾಳು ಉದುರುತ್ತದೆ, ಹೊಟ್ಟು ಊದಿದರೆ ಹಾರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಬಳ್ಳೊಳ್ಳಿ ಖಾರ. ಮುಷ್ಟಿ ತುಂಬ ಬಾಯಿಗೆ ಹಾಕಿಕೊಳ್ಳಬೇಕು. ಆರಿದ ಮೇಲೆ ಆ ರುಚಿ ಇರುವುದಿಲ್ಲ. ಹಾಗಾಗಿ ಸೀತನಿ ಯಾವ ಹೋಟೆಲಿಗೂ ಹೋಗಲಾರದು, ಹೋಟೆಲಿನವರೇ ಹೊಲಕ್ಕೆ ಬರಬೇಕು.

ಸಂಕ್ರಮಣಕ್ಕೆ ಈ ಸೀಮೆಯ ಜನ ಹೊಳೆಗೆ ಹೋಗುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ, ಗಟ್ಟಿ ಮೊಸರು ಬುತ್ತಿಯಲ್ಲಿ. ನೀರಲ್ಲಿ ಮಿಂದು, ದೇವರಿಗೆ ಕಾಯಿ ಒಡೆದು, ದಂಡೆಯ ಮೇಲೆ ಸಾಲಾಗಿ ಕೂತು ಊಟ. ಗುರುತಿಲ್ಲದವರ ಕೈಗೂ ರೊಟ್ಟಿ ಬಂದು ಬೀಳುತ್ತದೆ. "ತಗೋರಿ ಅಕ್ಕಾರ, ಹಬ್ಬದಾಗ ಬ್ಯಾಡ ಅನಬಾರದು" ಎಂದರೆ ತಿನ್ನಲೇಬೇಕು.

ಹಾಗೆ ಜನ ಸೇರುವ ಜಾಗಗಳಲ್ಲಿ ಒಂದು ಚಿಕ್ಕಸಂಗಮ. ಘಟಪ್ರಭೆ ಕೃಷ್ಣೆಯನ್ನು ಕೂಡುವುದು ಇಲ್ಲೇ, ಬೀಳಗಿ ತಾಲ್ಲೂಕಿನಲ್ಲಿ. ಸಂಗಮನಾಥನ ಹಳೆಯ ಕಲ್ಲಿನ ಗುಡಿಯಿದೆ. ಜಲಾಶಯ ತುಂಬಿದ ತಿಂಗಳುಗಳಲ್ಲಿ ಹಿನ್ನೀರು ಗುಡಿಯತನಕ ಏರಿ ಬರುತ್ತದೆ. ನೀರು ಇಳಿದಾಗ ಮಣ್ಣಿನ ಹಾದಿ ತೆರೆದುಕೊಳ್ಳುತ್ತದೆ. ಮಲಪ್ರಭೆ ಕೃಷ್ಣೆಗೆ ಸೇರುವ ಕೂಡಲಸಂಗಮಕ್ಕೆ ಬಸವಣ್ಣನವರ ಐಕ್ಯಸ್ಥಳವೆಂದು ನಾಡೆಲ್ಲ ಬರುತ್ತದೆ. ಹಿನ್ನೀರಿನ ನಡುವೆಯೂ ಮುಳುಗದಂತೆ ಐಕ್ಯಮಂಟಪದ ಸುತ್ತ ಗೋಡೆ ಎಬ್ಬಿಸಿ ಕಾಪಾಡಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಚಿಕ್ಕಸಂಗಮಕ್ಕೆ ಆ ಗದ್ದಲ ಇಲ್ಲ. ಎರಡು ನದಿಯ ನೀರು ಸೇರುವುದನ್ನು ಸಮಾಧಾನದಿಂದ ನೋಡಬೇಕೆನ್ನುವವರು ಇಲ್ಲಿಗೆ ಬರಬೇಕು.

ಉತ್ತರಕ್ಕೆ ಹೊರಟರೆ ಕೊರ್ತಿ–ಕೊಲ್ಹಾರ ಸೇತುವೆ ಸಿಗುತ್ತದೆ. ಕೃಷ್ಣೆಯ ಹಿನ್ನೀರಿನ ಮೇಲೆ ಸುಮಾರು ಮೂರು ಕಿ.ಮೀ. ಉದ್ದ. ಹೊಳೆ ಎಷ್ಟು ಅಗಲವಾಗಿದೆ ಎಂಬುದು ಅಂಕಿಯಲ್ಲಿ ತಿಳಿಯದವರಿಗೆ ಈ ಸೇತುವೆ ದಾಟಿದಾಗ ತಿಳಿಯುತ್ತದೆ.

ಈ ಸೀಮೆಯ ನಿಜವಾದ ನಡುಗಡ್ಡೆ

ದ್ವೀಪ ಅಂದರೆ ಸುಖದ ಕಲ್ಪನೆ ಬರುವುದು ಪ್ರವಾಸಿಗೆ. ಜಮಖಂಡಿ ತಾಲ್ಲೂಕಿನ ಮುತ್ತೂರಿನವರನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ಕೃಷ್ಣೆಗೆ ನೀರು ಬಂದಾಗ ಅಲ್ಲಿನ ನಡುಗಡ್ಡೆಯ ಮನೆಗಳಿಗೆ ಸುತ್ತ ನೀರು. ದನಕರು, ಮೇವು, ಬಸುರಿ ಬಾಣಂತಿಯರು, ಶಾಲೆಯ ಮಕ್ಕಳು, ಎಲ್ಲಕ್ಕೂ ದೋಣಿಯೇ ಗತಿ. ಪ್ರತಿ ಮಳೆಗಾಲ ಅಧಿಕಾರಿಗಳು ಹೊರಗೆ ಬನ್ನಿ ಎನ್ನುವುದು, ದನ ಬಿಟ್ಟು ಹೇಗೆ ಬರೋಣ ಎಂದು ಇವರು ಕೇಳುವುದು ನಡೆದೇ ಇದೆ. ಅದನ್ನು ನೋಡಲೆಂದು ಯಾರೂ ಹೋಗಬಾರದು.

ಬರೀ ನೋಡಲು ನಡುಗಡ್ಡೆ ಬೇಕೆನ್ನುವವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪವಿದೆ, ಮುರುಡೇಶ್ವರದ ಎದುರಿನ ನೇತ್ರಾಣಿ ಇದೆ. ಮೊದಲನೆಯದರಲ್ಲಿ ಲಾವಾ ತಣಿದು ನಿಂತ ಕಲ್ಲಿನ ಕಂಬಗಳು. ಎರಡನೆಯದರಲ್ಲಿ ಬೊನೇರ್‌ನಂತೆಯೇ ನೀರೊಳಗೆ ಇಳಿದು ಹವಳ ನೋಡುವ ಅವಕಾಶ. ಎರಡಕ್ಕೂ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅವುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ಅಷ್ಟು ಸಾಕು.

> ರೈತರೇ ಕಟ್ಟಿದ ಬ್ಯಾರೇಜು
>
> ಹೊಳೆ ದಂಡೆಯಲ್ಲಿದ್ದೂ ಬೇಸಿಗೆಗೆ ನೀರಿಲ್ಲದ ಜಮಖಂಡಿ ಭಾಗದ ರೈತರು 1989ರಲ್ಲಿ ಚಿಕ್ಕಪಡಸಲಗಿ ಬಳಿ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿಕೊಂಡರು. ಹಣ ಅವರದೇ, ಬೆವರೂ ಅವರದೇ. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು.
>
> ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನು 'ಬ್ಯಾರೇಜ್ ಮ್ಯಾನ್' ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಅವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.
>
> ಅನಗವಾಡಿಗೆ ಬಂದವರು ಒಂದು ಮಧ್ಯಾಹ್ನ ಜಮಖಂಡಿ ಕಡೆ ಹೋಗಿ ಈ ಬ್ಯಾರೇಜು ನೋಡಬೇಕು. ಸರಕಾರದ ಅಣೆಕಟ್ಟೆಯಿಂದಾದ ಹಿನ್ನೀರು, ರೈತರ ಬ್ಯಾರೇಜಿನಿಂದಾದ ಹಿನ್ನೀರು, ಎರಡನ್ನೂ ಒಂದೇ ದಿನ ನೋಡಿದಂತಾಗುತ್ತದೆ.

ಮಾಡಬಾರದ್ದು

ಈಜಬಾರದು. ಕೆರಿಬಿಯನ್ ದ್ವೀಪಕ್ಕೆ ಹೋದವರು ಮೊದಲು ಮಾಡುವ ಕೆಲಸವೇ ಅದು; ಇಲ್ಲಿ ಕೊನೆಗೂ ಮಾಡಬಾರದು. ಕೃಷ್ಣೆ, ಘಟಪ್ರಭೆ ಎರಡರಲ್ಲೂ ಮೊಸಳೆಗಳಿವೆ. ದಂಡೆಗೆ ಬಂದು ಬಿಸಿಲು ಕಾಯಿಸುತ್ತವೆ, ಕೆಲವೊಮ್ಮೆ ಹೊಲಕ್ಕೂ ಬರುತ್ತವೆ. ಜನ ಮೀಯುವ ಘಾಟು ಯಾವುದು, ಯಾವ ಹೊತ್ತಿಗೆ ಇಳಿಯಬಹುದು ಎಂಬುದು ಊರವರಿಗೆ ಗೊತ್ತು. ಅವರನ್ನು ಕೇಳದೆ ಕಾಲು ತೊಳೆಯಲೂ ಇಳಿಯಬೇಡಿ.

ಕೆಸರಿಗೆ ಕಾಲಿಡಬಾರದು. ಮೇಲೆ ಬಿರಿದು ಒಣಗಿದ್ದು ಕಂಡು ಗಟ್ಟಿ ಎಂದುಕೊಂಡರೆ ಮೊಣಕಾಲಿನ ತನಕ ಹೂತುಹೋಗುತ್ತದೆ. ಎರೆಮಣ್ಣು ಹಿಡಿದರೆ ಬಿಡುವುದಿಲ್ಲ. ಹಕ್ಕಿಯ ಹತ್ತಿರ ಹೋಗಿ ಫೋಟೊ ತೆಗೆಯುವ ಆಸೆಗೆ ಎಷ್ಟೋ ಕ್ಯಾಮೆರಾಗಳು ಈ ಮಣ್ಣು ತಿಂದಿವೆ.

ಹಾರಿಸಬಾರದು. ಕೆಲವರಿಗೆ ಕೆಂಪು ರೆಕ್ಕೆ ನೋಡಬೇಕು, ಅದಕ್ಕೆ ಕಲ್ಲು ಬೀಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಡ್ರೋನ್ ಬಿಡುತ್ತಾರೆ. ಒಂದು ಸಲ ಎದ್ದ ಹಿಂಡು ಮತ್ತೆ ಅದೇ ಜಾಗಕ್ಕೆ ಕೂರುವುದಕ್ಕೆ ಎಷ್ಟು ಹೊತ್ತು ಬೇಕೋ, ಅಷ್ಟು ಹೊತ್ತು ಊಟ ತಪ್ಪಿತು. ದಿನಕ್ಕೆ ಐದಾರು ಗುಂಪು ಬಂದು ಐದಾರು ಸಲ ಎಬ್ಬಿಸಿದರೆ ಅವು ಜಾಗವನ್ನೇ ಬಿಡುತ್ತವೆ. ಇದನ್ನು ತಮಾಷೆ ಎನ್ನಲು ನನ್ನಿಂದಾಗದು.

ಊರಿಗೆ ಬೇಕಾದ್ದು ದೊಡ್ಡದೇನಲ್ಲ. ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಲು ಸುರಕ್ಷಿತ ಜಾಗ. ದಂಡೆಯಿಂದ ಸಾಕಷ್ಟು ಹಿಂದೆ, ಮರೆ ಇರುವ ಒಂದು ಕಟ್ಟೆ. ಅದಕ್ಕಿಂತ ಮುಂದೆ ಹೋಗಬಾರದೆಂಬ ಗೆರೆ. ಹಕ್ಕಿ ತೋರಿಸಲು ಊರಿನ ಹುಡುಗ ಹುಡುಗಿಯರಿಗೆ ತರಬೇತಿ, ಅದಕ್ಕೆ ತಕ್ಕ ಕೂಲಿ. ಬಂದವರಿಗೆ ಬಿಸಿ ರೊಟ್ಟಿ ಕೊಡಬಲ್ಲ ಹೆಣ್ಣುಮಕ್ಕಳ ಸಂಘ. ಗಡಚಿಕ್ಕುವ ಹಾಡು, ಬಣ್ಣದ ದೀಪ, ಮೋಟಾರು ದೋಣಿ, ಇವೆಲ್ಲ ಆಲಮಟ್ಟಿಯ ಉದ್ಯಾನಗಳ ಕಡೆಗೇ ಇರಲಿ. ಅಲ್ಲಿ ರಾಕ್ ಗಾರ್ಡನ್ ಇದೆ, ಸಂಗೀತ ಕಾರಂಜಿ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ. ಎರಡನ್ನೂ ಒಂದೇ ಜಾಗದಲ್ಲಿ ಕಲಸಬಾರದು.

> ಹೋಗುವವರಿಗೆ
>
> ಕಾಲ: ನೀರು ಇಳಿಯತೊಡಗುವ ಚಳಿಗಾಲದಿಂದ ಬೇಸಿಗೆಯ ತನಕ. ಮಳೆಗಾಲದಲ್ಲಿ ಹಿನ್ನೀರು ತುಂಬಿರುತ್ತದೆ, ರಾಜಹಂಸ ಇರುವುದಿಲ್ಲ.
>
> ದಾರಿ: ಬಾಗಲಕೋಟೆಗೆ ರೈಲು ಇದೆ. ಅಲ್ಲಿಂದ ಬೀಳಗಿ, ವಿಜಯಪುರ ಕಡೆಯ ಬಸ್ಸುಗಳು ಅನಗವಾಡಿ ಮೇಲೆ ಹೋಗುತ್ತವೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ, ಕಬ್ಬಿನ ಗಾಡಿಗಳ ರಸ್ತೆ ಅದು.
>
> ವಸತಿ: ಬಾಗಲಕೋಟೆ ನವನಗರ ಅನುಕೂಲ. ಅಲ್ಲಿಂದ ನಸುಕಿನಲ್ಲೇ ಹೊರಡಿ.
>
> ಜೊತೆಗಿರಲಿ: ದುರ್ಬೀನು, ಟೋಪಿ, ನೀರು, ಮಾಸಲು ಬಣ್ಣದ ಬಟ್ಟೆ.
>
> ಕೊಳ್ಳಲು: ಕಲಾದಗಿಯ ಚಿಕ್ಕು, ದಾಳಿಂಬೆ; ಅಮೀನಗಡದ ಕರದಂಟು; ಗುಳೇದಗುಡ್ಡದ ಖಣ; ಇಳಕಲ್ ಸೀರೆ.

ಕಲಾದಗಿ, ಮುಧೋಳದ ದಾರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವವರು ಮೇಣಬಸದಿ, ಗುಡಿ ನೋಡಿ ಹಾಗೇ ಗೋವಾಕ್ಕೋ ಹಂಪಿಗೋ ಹೊರಟುಬಿಡುತ್ತಾರೆ. ಜಿಲ್ಲೆಯ ಉತ್ತರದ ಅರ್ಧ ಅವರ ನಕಾಶೆಯಲ್ಲೇ ಇರುವುದಿಲ್ಲ. ಇನ್ನೊಂದು ದಿನ ಉಳಿದುಕೊಂಡರೆ ಘಟಪ್ರಭೆಯ ಜೊತೆಗೇ ಮೇಲಕ್ಕೆ ಹೋಗಬಹುದು.

ಕಲಾದಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. 1880ರ ದಶಕದಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು. ಈಗ ಅದರ ಹೆಸರು ಹಣ್ಣಿನಿಂದ. ರಸ್ತೆ ಬದಿಯ ಬುಟ್ಟಿಗಳಲ್ಲಿ ಚಿಕ್ಕು ಹಣ್ಣಿನ ರಾಶಿ. ಮೂಗಿಗೆ ಹಿಡಿದರೆ ಎಷ್ಟು ದಿನದಲ್ಲಿ ಹಣ್ಣಾಗುತ್ತದೆಂದು ಮಾರುವ ತಾಯಂದಿರು ಹೇಳುತ್ತಾರೆ. ಮುಂದೆ ಮುಧೋಳ, ಕವಿ ರನ್ನ ಹುಟ್ಟಿದ ಊರು, ಸಪೂರ ಮೈಯ ಬೇಟೆನಾಯಿಯ ಊರು. 2005ರಲ್ಲಿ ಅಂಚೆ ಇಲಾಖೆ ಆ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. ಇನ್ನೂ ಮುಂದೆ ರಬಕವಿ–ಬನಹಟ್ಟಿ, ಮಗ್ಗದ ಸದ್ದು ಓಣಿಯ ತುಂಬ.

ಅನಗವಾಡಿಗೆ ಈಗಲೇ ಬನ್ನಿ ಎನ್ನಲು ಇನ್ನೂ ಒಂದು ಕಾರಣವಿದೆ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲೇ ಅವಕಾಶ ಕೊಟ್ಟಿದೆ. ಅದಕ್ಕಾಗಿ ಮುಳುಗುವ 75 ಸಾವಿರಕ್ಕೂ ಹೆಚ್ಚು ಎಕರೆಗೆ, ನೀರಾವರಿ ಜಮೀನಿದ್ದರೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಿದ್ದರೆ 30 ಲಕ್ಷ ರೂಪಾಯಿ ಪರಿಹಾರವೆಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಇನ್ನೂ ನಾಲ್ಕೂವರೆ ಮೀಟರಿಗಿಂತ ಹೆಚ್ಚು ನೀರು. ವಿಜಯಪುರ, ಕಲಬುರಗಿ ಕಡೆಯ ಒಣ ಹೊಲಗಳಿಗೆ ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಂಡೆ ಮತ್ತೆ ಸರಿಯುತ್ತದೆ, ಮತ್ತಷ್ಟು ಮನೆಗಳು ಏಳುತ್ತವೆ. ಮೊಣಕಾಲುದ್ದದ ನೀರು ಯಾವ ತಿಂಗಳಲ್ಲಿ, ಯಾರ ಹೊಲದ ಮೇಲೆ ಬಂದು ನಿಲ್ಲುತ್ತದೋ ಅದರ ಮೇಲೆ ಹಕ್ಕಿಯ ಲೆಕ್ಕವೂ ಬದಲಾಗುತ್ತದೆ. ಪರಿಹಾರದ ಕಡತಗಳ ಜೊತೆಗೇ ಈ ಕೆಸರಿನ ನಕಾಶೆಯನ್ನೂ ಈಗಲೇ ಬರೆದಿಡುವ ಕೆಲಸ ಅರಣ್ಯ ಇಲಾಖೆಯದು, ಜಿಲ್ಲೆಯ ಕಾಲೇಜುಗಳದು, ನೋಡಲು ಬಂದ ನಿಮ್ಮದೂ ಹೌದು. ಎಲ್ಲಿ, ಯಾವ ದಿನ, ಎಷ್ಟು ಹಕ್ಕಿ ಕಂಡಿರೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೂ ಅದು ದಾಖಲೆಯೇ.

ಈ ಸಲದ ನೀರು ದಿನದಿನಕ್ಕೆ ಇಳಿಯುತ್ತಿದೆ. ಜೂನ್ ಕೊನೆಗೆ ಘಟ್ಟದಲ್ಲಿ ಮಳೆ ಹಿಡಿದರೆ ಘಟಪ್ರಭೆಯ ಹಿಡಕಲ್ ಅಣೆಕಟ್ಟೆಯಿಂದ, ಕೃಷ್ಣೆಯ ಮೇಲ್ಭಾಗದಿಂದ ಹೊಸ ಕೆಂಪು ನೀರು ಬಂದು ಕೆಸರೆಲ್ಲ ಮುಚ್ಚುತ್ತದೆ. ಅದಕ್ಕೆ ಮೊದಲು ಯಾವುದಾದರೊಂದು ಬೆಳಗು, ಟ್ರ್ಯಾಕ್ಟರುಗಳ ಸಾಲು ದಾಟಿ, ದಂಡೆಯ ಈಚೆಗೇ ಕೂತು ನೋಡಿ.